ಜ್ವರವೆಲ್ಲಿ, ರೋಗವೆಲ್ಲಿ?

ಕಳೆದ ಕಬ್ಬಿನ ಹಂಗಾಮಿನಲ್ಲಿ, ಒಂದು ರಾತ್ರಿ ಊಟವಾದ ಮೇಲೆ, ಹುಕ್ಕೇರಿಯಿಂದ ನನ್ನ ಅಕ್ಕನ ಫೋನು ಬಂದಿತು. ಕ್ಷೇಮಸಮಾಚಾರದ ಮಾತು ಮುಗಿಯುವ ಮೊದಲೇ ಆಕೆ ಫೋನನ್ನು ಮಗನ ಕೈಗೆ ಕೊಟ್ಟಳು. ಅವನ ದನಿಯಲ್ಲಿ ಆಯಾಸವಿತ್ತು.

"ಮಾಮಾ, ಅಪ್ಪನ ಕಾರ್ ಮಾರಿಬಿಡಬೇಕಂತ ಮಾಡೇನಿ. ಕೊಲ್ಲಾಪುರದಾಗ ಒಬ್ಬರು ಕೇಳ್ಯಾರ. ಎಂಜಿನ್ನಿನ ತಲಿ ಬಿಚ್ಚಬೇಕಂತ ಗ್ಯಾರೇಜಿನವರು ಹೇಳ್ತಾರ. ಬಿಚ್ಚಿದ ಮ್ಯಾಲೆ ಎಷ್ಟ ಖರ್ಚ ಬರತೈತಿ ಅಂತ ಅವರಿಗೂ ಗೊತ್ತಿಲ್ಲ."

ಈ ಕಾರಿನ ವಿಷಯವನ್ನು ವಾಚಕರಿಗೆ ಸ್ವಲ್ಪ ಹೇಳಬೇಕು. ಅದು 1960ರ ದಶಕದಲ್ಲಿ ತಯಾರಾದ, ಇಬ್ಬರೇ ಕೂಡಬಹುದಾದ, ಮೇಲ್ಛಾವಣಿ ಮಡಚುವ ಸ್ಪೋರ್ಟ್ಸ್ ಕಾರು. ನನ್ನ ಭಾವನವರು ಅದನ್ನು ಹಳೆಯದಾಗಿಯೇ ಕೊಂಡು, ರವಿವಾರಗಳಂದು ತಾವೇ ಒರೆಸಿ, ತೊಳೆದು, ಮಗುವಿನಂತೆ ಸಾಕಿದ್ದರು. ನನ್ನ ಪರೀಕ್ಷೆಯ ಫಲಿತಾಂಶ ಬಂದ ದಿನ ಅದರಲ್ಲಿಯೇ ನನ್ನನ್ನು ಕೂಡಿಸಿಕೊಂಡು ಗೋಕಾಕ ಜಲಪಾತಕ್ಕೆ ಕರೆದೊಯ್ದಿದ್ದರು. ಅವರು ತೀರಿಕೊಂಡು ಒಂಬತ್ತು ವರ್ಷಗಳಾದವು. ಅಷ್ಟೂ ಕಾಲ ಕಾರು ಹಿತ್ತಿಲ ತಗಡಿನ ಚಪ್ಪರದ ಕೆಳಗೆ ನಿಂತಿತ್ತು. ಮಗನು ದೊಡ್ಡವನಾಗಿ, ತನ್ನ ಮೊದಲ ಸಂಬಳಗಳನ್ನು ಅದಕ್ಕೆ ಸುರಿದು, ಅದನ್ನು ಮತ್ತೆ ರಸ್ತೆಗೆ ತಂದಿದ್ದನು. ಆದರೆ ಹತ್ತು ಹನ್ನೆರಡು ಮೈಲಿ ಓಡುವುದರೊಳಗೆ ಎಂಜಿನು ಕಾಯುತ್ತಿತ್ತು. ಉಷ್ಣಮಾಪಕದ ಮುಳ್ಳು ಕೆಂಪುಗೆರೆಯನ್ನು ಮುಟ್ಟುತ್ತಿತ್ತು. ಒಂದು ಗ್ಯಾರೇಜಿನಲ್ಲಿ ನೀರಿನ ಪಂಪನ್ನು ಬದಲಿಸಿದ್ದರು. ಇನ್ನೊಂದರಲ್ಲಿ ರಬ್ಬರಿನ ಕೊಳವೆಗಳನ್ನು ಬದಲಿಸಿ, ಥರ್ಮೋಸ್ಟಾಟನ್ನು ಕಿತ್ತು ಕೈಗೆ ಕೊಟ್ಟಿದ್ದರು. ಈಗ ಎಂಜಿನಿನ ತಲೆ ಬಿಚ್ಚುವ ಮಾತು ಬಂದಿತ್ತು.

"ಯಾವಾಗ ಕಾಯುತ್ತದೆ?" ಎಂದು ನಾನು ಕೇಳಿದೆನು.

"ಯಾವಾಗಂದ್ರ? ಓಡಿಸಿದಾಗ ಕಾಯತೈತಿ, ಮಾಮಾ."

ಮೂರು ಬಿಡಿಭಾಗಗಳನ್ನು ಬದಲಿಸಿದವರಲ್ಲಿ ಒಬ್ಬರೂ ಈ ಪ್ರಶ್ನೆಯನ್ನು ಕೇಳಿರಲಿಲ್ಲವೆಂದು ಅದರಿಂದ ತಿಳಿಯಿತು. ಮನುಷ್ಯನಿಗೆ ಜ್ವರ ಬಂದಾಗ ಬಲ್ಲ ವೈದ್ಯರು ಔಷಧಿಯ ಚೀಟಿ ಬರೆಯುವ ಮೊದಲು, ಬೆಳಿಗ್ಗೆ ಬರುತ್ತದೆಯೋ ಸಂಜೆ ಬರುತ್ತದೆಯೋ, ಚಳಿಯೊಡನೆ ಬರುತ್ತದೆಯೋ ಬೆವರಿನೊಡನೆ ಇಳಿಯುತ್ತದೆಯೋ ಎಂದು ವಿಚಾರಿಸುತ್ತಾರೆ. ಜ್ವರವೇ ರೋಗವಲ್ಲ, ಅದು ರೋಗದ ಕರೆಗಂಟೆ ಎಂಬುದು ಅವರಿಗೆ ಗೊತ್ತು. ಎಂಜಿನಿಗೂ ಇದೇ ನ್ಯಾಯ. ಕಾರು ನಿಲ್ಲಿಸಲಿ, ಮಾರುವುದು ಬೇಡ, ನಾನು ಶನಿವಾರ ಬರುತ್ತೇನೆ ಎಂದು ಹೇಳಿದೆನು.

ಎಂಜಿನು ಏಕೆ ಕಾಯುತ್ತದೆಂಬುದನ್ನು ಇಲ್ಲಿ ನೋಡಿಬಿಡೋಣ. ಪೆಟ್ರೋಲು ಉರಿದಾಗ ಹುಟ್ಟುವ ಶಾಖದಲ್ಲಿ ಚಕ್ರವನ್ನು ತಿರುಗಿಸುವ ಕೆಲಸಕ್ಕೆ ಬರುವುದು ಸುಮಾರು ಮೂರರಲ್ಲೊಂದು ಪಾಲು ಮಾತ್ರ. ಹಳೆಯ ಎಂಜಿನುಗಳಲ್ಲಿ ಅದಕ್ಕಿಂತಲೂ ಕಡಿಮೆ. ಇನ್ನೊಂದು ಪಾಲು ಹೊಗೆಯ ಕೊಳವೆಯಿಂದ ಹೊರಗೆ ಹೋಗುತ್ತದೆ. ಉಳಿದದ್ದು ಎಂಜಿನಿನ ಲೋಹವನ್ನು ಕಾಯಿಸುತ್ತದೆ. ಈ ಮೂರನೆಯ ಪಾಲನ್ನು ಕ್ಷಣಕ್ಷಣವೂ ಹೊತ್ತು ಹೊರಗೆ ಚೆಲ್ಲಬೇಕಾದದ್ದು ನೀರಿನ ಕೆಲಸ. ಪಂಪು ನೀರನ್ನು ಎಂಜಿನಿನ ಸುತ್ತಲಿನ ಪೊಳ್ಳುಗಳಲ್ಲಿ ಹರಿಯಿಸುತ್ತದೆ. ಕಾದ ನೀರು ಮೇಲಿನ ಕೊಳವೆಯಿಂದ ರೇಡಿಯೇಟರಿಗೆ ಬರುತ್ತದೆ. ಅಲ್ಲಿನ ಸಣ್ಣ ಸಣ್ಣ ನಾಳಗಳಲ್ಲಿ ಇಳಿಯುತ್ತ ಗಾಳಿಗೆ ಶಾಖವನ್ನು ಒಪ್ಪಿಸಿ, ತಣಿದು, ಕೆಳಗಿನ ಕೊಳವೆಯಿಂದ ಪಂಪಿಗೆ ಮರಳುತ್ತದೆ. ನಡುವೆ ಥರ್ಮೋಸ್ಟಾಟೆಂಬ ಬಾಗಿಲಿದೆ. ಹಿಡಕಲ್ ಜಲಾಶಯದ ಗೇಟಿನಂತೆ ಅದು ನೀರನ್ನು ಬೇಕಾದಾಗ ಮಾತ್ರ ಬಿಡುತ್ತದೆ. ಅದರೊಳಗಿನ ಮೇಣವು ಸುಮಾರು 82ರಿಂದ 88 ಡಿಗ್ರಿಯಲ್ಲಿ ಕರಗಿ ಹಿಗ್ಗಿ ಬಾಗಿಲನ್ನು ತೆರೆಯುತ್ತದೆ. ಎಂಜಿನು ಬೇಗನೆ ಬಿಸಿಯಾಗಿ, ಆ ಬಿಸಿಯಲ್ಲಿಯೇ ನಿಲ್ಲಬೇಕೆಂಬುದು ಇದರ ಉದ್ದೇಶ.

ಸ್ಪೋರ್ಟ್ಸ್ ಕಾರಿಗೂ ರೇಡಿಯೇಟರಿಗೂ ಹುಟ್ಟಿನಿಂದ ಬಂದ ನಂಟುಂಟು. 1885ರಲ್ಲಿ ಕಾರ್ಲ್ ಬೆಂಜ್ ನಿರ್ಮಿಸಿದ ಮೊದಲ ಗಾಡಿಯಲ್ಲಿ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. ದಾರಿಯಲ್ಲಿ ಮತ್ತೆ ಮತ್ತೆ ತುಂಬಿಸಬೇಕಾಗುತ್ತಿತ್ತು. ವೇಗ ಬೇಕೆಂದವರಿಗೆ ಇದು ಸಾಲದಾಯಿತು. ಜರ್ಮನಿಯ ಡೈಮ್ಲರ್ ಕಂಪನಿಯಲ್ಲಿ ವಿಲ್ಹೆಲ್ಮ್ ಮೇಬಾಕ್ ಎಂಬ ಎಂಜಿನಿಯರು 1900ರ ಕೊನೆಗೆ 35 ಅಶ್ವಶಕ್ತಿಯ ಮರ್ಸಿಡಿಸ್ ಗಾಡಿಯನ್ನು ಸಿದ್ಧಪಡಿಸಿದಾಗ, ಅದರ ಮುಂಭಾಗದಲ್ಲಿ ಜೇನುಗೂಡಿನಂತಹ ಒಂದು ರೇಡಿಯೇಟರನ್ನು ಕೂಡಿಸಿದನು. ಅದರಲ್ಲಿ ಆರಾರು ಮಿಲಿಮೀಟರು ಅಗಲದ 8,070 ಚೌಕ ನಾಳಗಳು ಇದ್ದವು. ಗಾಳಿ ಆ ನಾಳಗಳಲ್ಲಿ ಹಾಯುತ್ತಿತ್ತು, ನೀರು ಅವುಗಳ ನಡುವಣ ಸಂದಿಗಳಲ್ಲಿ ಹರಿಯುತ್ತಿತ್ತು. ಮುಂಚೆ 18 ಲೀಟರು ನೀರು ಬೇಕಾಗಿದ್ದ ಕಡೆ 9 ಲೀಟರು ಸಾಕಾಯಿತು. 1901ರ ಮಾರ್ಚಿಯಲ್ಲಿ ಫ್ರಾನ್ಸಿನ ನೀಸ್ ಪಟ್ಟಣದ ಪಂದ್ಯಗಳಲ್ಲಿ ಈ ಗಾಡಿಯೇ ಮೆರೆಯಿತು. ವೇಗದ ಗಾಡಿಗೆ ಬಲವಾದ ಎಂಜಿನಿದ್ದರೆ ಸಾಲದು, ಅದರ ಬಿಸಿಯನ್ನು ಚೆಲ್ಲುವ ಉಪಾಯವೂ ಬೇಕೆಂಬುದನ್ನು ಅದು ತೋರಿಸಿಕೊಟ್ಟಿತು. ನೀರು ಎಷ್ಟಿದೆ ಎಂಬುದಕ್ಕಿಂತ, ಅದು ಎಷ್ಟು ಸಣ್ಣ ಸಣ್ಣ ಹರವಾಗಿ ಹಂಚಿ ಗಾಳಿಯ ಬಳಿಗೆ ಬರುತ್ತದೆಂಬುದೇ ಮುಖ್ಯ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ನಾನು ಮಾತ್ರ ಅದನ್ನು ಒಂದು ದಿನದ ಮಟ್ಟಿಗೆ ಮರೆತೆನು.

ಶನಿವಾರ ಬೆಳಿಗ್ಗೆ ಕಾರು ತಣ್ಣಗಿರುವಾಗಲೇ ಪರೀಕ್ಷೆ ಆರಂಭಿಸಿದೆವು. ಮೊದಲು ಗ್ಯಾರೇಜಿನವರ ಆಪಾದನೆಯನ್ನು ವಿಚಾರಿಸಬೇಕಾಗಿತ್ತು. ಎಂಜಿನಿನ ತಲೆಗೂ ದೇಹಕ್ಕೂ ನಡುವೆ ಇರುವ ಗ್ಯಾಸ್ಕೆಟು ಸುಟ್ಟಿದ್ದರೆ ಅದು ಮೌನವಾಗಿರುವುದಿಲ್ಲ. ಎಣ್ಣೆಯಲ್ಲಿ ನೀರು ಬೆರೆತು, ಅಳೆಯುವ ಕಡ್ಡಿಯ ಮೇಲೆ ಹಾಲು ಬೆರೆಸಿದ ಚಹದಂತಹ ಬಣ್ಣ ಕಾಣುತ್ತದೆ. ಹೊಗೆಯ ಕೊಳವೆಯಿಂದ ಎಂಜಿನು ಬಿಸಿಯಾದ ಮೇಲೂ ಬಿಳಿಯ ಆವಿ ಬರುತ್ತಿರುತ್ತದೆ. ಎಲ್ಲಿಯೂ ಸೋರದೆ ನೀರು ಕಡಿಮೆಯಾಗುತ್ತದೆ. ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದು ಎಂಜಿನನ್ನು ಚಾಲೂ ಮಾಡಿದರೆ ನೀರಿನಲ್ಲಿ ಗುಳ್ಳೆಗಳು ಎಡೆಬಿಡದೆ ಏಳುತ್ತವೆ. ಇವುಗಳಲ್ಲಿ ಒಂದೂ ಕಾಣಲಿಲ್ಲ. ಎಣ್ಣೆ ಶುದ್ಧವಾಗಿತ್ತು, ನೀರು ನಿಶ್ಚಲವಾಗಿತ್ತು. ತಲೆ ಬಿಚ್ಚುವ ಮಾತನ್ನು ಅಲ್ಲಿಯೇ ಬದಿಗಿಟ್ಟೆವು.

ಎರಡನೆಯ ವಿಚಾರಣೆ ಅಕ್ಕನ ಅಡುಗೆಮನೆಯಲ್ಲಿ ನಡೆಯಿತು. ಗ್ಯಾರೇಜಿನವರು ಕಿತ್ತುಕೊಟ್ಟಿದ್ದ ಥರ್ಮೋಸ್ಟಾಟನ್ನು ದಾರದಿಂದ ಕಟ್ಟಿ, ನೀರಿನ ಪಾತ್ರೆಯಲ್ಲಿ ತಳಕ್ಕೆ ತಗಲದಂತೆ ಇಳಿಬಿಟ್ಟು, ಒಲೆಯ ಮೇಲಿಟ್ಟೆವು. ಪಕ್ಕದಲ್ಲಿ ಒಂದು ಉಷ್ಣಮಾಪಕ. ಅಕ್ಕ ಚಹಕ್ಕೆ ನೀರಿಡಬೇಕೆಂದು ಬಂದವಳು ಈ ಪಾಕವನ್ನು ನೋಡಿ ನಕ್ಕು ಹೋದಳು. ನೀರು 82 ಡಿಗ್ರಿಗೆ ಬಂದಾಗ ಬಾಗಿಲು ಮೆಲ್ಲನೆ ತೆರೆಯಿತು. ಅದರ ಅಂಚಿನ ಮೇಲೆ ಕೊರೆದಿದ್ದ ಅಂಕೆಯೂ 82. ನಿರಪರಾಧಿಯನ್ನು ಮನೆಯಿಂದ ಹೊರಹಾಕಿದ್ದರು! ಎಂಜಿನು ಕಾಯುತ್ತದೆಂದು ಥರ್ಮೋಸ್ಟಾಟನ್ನು ಕಿತ್ತು ಬಿಸಾಡುವ ರೂಢಿ ನಮ್ಮ ಕಡೆ ಬಹಳ. ಅದರಿಂದ ಎಂಜಿನು ತಣ್ಣಗೇ ಓಡಿ ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಲವು ಎಂಜಿನುಗಳಲ್ಲಿ ಬಿಸಿನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲಿ ಸುತ್ತಿ ಇನ್ನಷ್ಟು ಕಾಯುವುದೂ ಉಂಟು. ಅದನ್ನು ಮತ್ತೆ ಅದರ ಸ್ಥಳದಲ್ಲಿ ಕೂಡಿಸಿದೆವು.

ಬಳಿಕ ದಾರಿಯ ಪರೀಕ್ಷೆ. ಹುಕ್ಕೇರಿಯ ಪೇಟೆ, ಮೂಡಲಗಿಯ ಬಯಲು ರಸ್ತೆ, ಗೋಕಾಕದಿಂದ ಜಲಪಾತಕ್ಕೆ ಏರುವ ದಾರಿ, ಈ ಮೂರರಲ್ಲಿಯೂ ಮುಳ್ಳು ಏನು ಹೇಳುತ್ತದೆಂದು ನೋಡಬೇಕೆಂದು ನಿಶ್ಚಯಿಸಿದೆವು. ಇದರ ತತ್ತ್ವ ಸರಳವಾದದ್ದು. ಜನಸಂದಣಿಯಲ್ಲಿ ತೆವಳುವಾಗ ಕಾಯ್ದು, ವೇಗವಾಗಿ ಓಡುವಾಗ ತಣಿದರೆ, ದೋಷ ಗಾಳಿಯದು. ಫ್ಯಾನನ್ನು, ಅದರ ಬೆಲ್ಟನ್ನು ನೋಡಬೇಕು. ಗಂಟೆಗೆ 50 ಕಿಲೋಮೀಟರು ದಾಟಿದ ಮೇಲೆ ಓಟದ ಗಾಳಿಯೇ ಫ್ಯಾನಿನ ಕೆಲಸವನ್ನು ಮಾಡಿಬಿಡುತ್ತದೆ. ಇದಕ್ಕೆ ವಿರುದ್ಧವಾಗಿ, ತೆವಳುವಾಗ ಸುಮ್ಮನಿದ್ದು ವೇಗದಲ್ಲಿ ಅಥವಾ ಏರಿನಲ್ಲಿ ಕಾಯ್ದರೆ, ದೋಷ ನೀರಿನ ಹರಿವಿನದು. ಪಂಪು, ಕೊಳವೆ, ರೇಡಿಯೇಟರುಗಳನ್ನು ವಿಚಾರಿಸಬೇಕು. ಹೊರಟ ಐದೇ ನಿಮಿಷಕ್ಕೆ ಕಾಯ್ದರೆ ತೆರೆಯದ ಥರ್ಮೋಸ್ಟಾಟು, ಇಲ್ಲವೆ ನೀರಿನಲ್ಲಿ ಸಿಕ್ಕಿಬಿದ್ದ ಗಾಳಿ. ಈ ಕೊನೆಯದು ಸ್ಪೋರ್ಟ್ಸ್ ಕಾರುಗಳಿಗೆ ವಿಶೇಷವಾದ ಕಾಟ. ಅವುಗಳ ಮೂತಿ ತಗ್ಗಾಗಿ ಇಳಿದಿರುವುದರಿಂದ ರೇಡಿಯೇಟರು ಎಂಜಿನಿಗಿಂತ ಕೆಳಗೆ ಕೂಡುವುದುಂಟು. ನೀರು ತುಂಬುವಾಗ ಗಾಳಿ ಎಂಜಿನಿನ ನೆತ್ತಿಯಲ್ಲಿ ಸೇರಿಕೊಂಡು ಹೊರಬರಲು ದಾರಿ ಕಾಣದು.

ಅಂದು ಹುಕ್ಕೇರಿಯ ಪೇಟೆಯಲ್ಲಿ ಗದ್ದಲವೋ ಗದ್ದಲ. ಕಾಯಿಪಲ್ಯದ ಬುಟ್ಟಿಗಳು, ಕೈಗಾಡಿಗಳು, ಮೋಟರುಸೈಕಲ್ಲುಗಳ ನಡುವೆ ಅರ್ಧಗಂಟೆ ತೆವಳಿದೆವು. ಮುಳ್ಳು ನಡುಗೆರೆಯಲ್ಲಿಯೇ ನಿಂತಿತು. ಮುಂದೆ ಘಟಪ್ರಭೆಯವರೆಗೂ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ಬಸವನಹುಳುವಿನ ನಡಿಗೆ. ಆಗಲೂ ಶಾಂತ. ಫ್ಯಾನು ನಿರ್ದೋಷಿ ಎಂದು ಬರೆದುಕೊಂಡೆನು. ಜಲಪಾತದ ಪಕ್ಕದಿಂದ ಇಳಿದು, ಗೋಕಾಕವನ್ನು ದಾಟಿ, ಕಲ್ಲೋಳಿ ನಾಗನೂರುಗಳ ಕಡೆ ರಸ್ತೆ ಬಿಡುವಾದಾಗ, ಅಳಿಯನಿಗೆ ಎಂಬತ್ತರ ವೇಗ ಹಿಡಿಯಲು ಹೇಳಿದೆನು. ಕೆಲವೇ ನಿಮಿಷಗಳಲ್ಲಿ ಮುಳ್ಳು ಏರತೊಡಗಿತು. ನಲವತ್ತಕ್ಕೆ ಇಳಿಸಿದಾಗ ತಾನೂ ಇಳಿಯಿತು. ಮತ್ತೆ ಎಂಬತ್ತು, ಮತ್ತೆ ಏರಿಕೆ. ರೋಗಿ ಕೊನೆಗೂ ಬಾಯಿಬಿಟ್ಟಿತು: ದೋಷ ಹರಿವಿನಲ್ಲಿದೆ.

ಹಿಂದೆ ಗೋಕಾಕ ತಾಲ್ಲೂಕಿಗೆ ಸೇರಿದ್ದು ಈಚೆಗೆ ತಾನೇ ತಾಲ್ಲೂಕಿನ ಕೇಂದ್ರವಾದ ಮೂಡಲಗಿಯಲ್ಲಿ, ಒಂದು ಚಹದ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಬಾನೆಟ್ಟು ತೆರೆದೆವು. ರೇಡಿಯೇಟರಿನ ಮುಚ್ಚಳವನ್ನು ಮುಟ್ಟಲಿಲ್ಲ. ಅಳಿಯನು ಒಳಗೆ ಕುಳಿತು ಎಂಜಿನಿನ ವೇಗವನ್ನು ಹೆಚ್ಚಿಸಿದನು. ನಾನು ಫ್ಯಾನಿನಿಂದ ದೂರ ನಿಂತು ಕೆಳಗಿನ ಕೊಳವೆಯನ್ನೇ ದಿಟ್ಟಿಸಿದೆನು. ವೇಗ ಹೆಚ್ಚಿದಂತೆ, ಆ ರಬ್ಬರಿನ ಕೊಳವೆಯ ಹೊಟ್ಟೆ ಒಳಸರಿದು, ಹಾಲು ಮುಗಿದ ಮೇಲೂ ಮಗು ಚೀಪುವ ಮೊಲೆತೊಟ್ಟಿನ ಶೀಸೆಯ ರಬ್ಬರಿನಂತೆ ಚಪ್ಪಟೆಯಾಯಿತು. ವೇಗ ಇಳಿದೊಡನೆ ಮತ್ತೆ ಗುಂಡಗಾಯಿತು. ನಿಂತ ಕಾರಿನಲ್ಲಿ, ತಣ್ಣನೆಯ ಎಂಜಿನಿನಲ್ಲಿ ನೋಡಿದವರಿಗೆ ಇದು ಕಾಣುವ ಬಗೆಯೇ ಇಲ್ಲ. ಪಂಪು ಈ ಕೊಳವೆಯಿಂದಲೇ ನೀರನ್ನು ಹೀರುವುದರಿಂದ, ಅದು ಕುಗ್ಗದಿರಲೆಂದು ಇಂತಹ ಎಂಜಿನುಗಳಲ್ಲಿ ಒಳಗೆ ತಂತಿಯ ಸುರುಳಿಯೊಂದನ್ನು ಇಟ್ಟಿರುತ್ತಾರೆ. ಹೊಸ ಕೊಳವೆ ಹಾಕಿದವರು ಹಳೆಯ ಸುರುಳಿಯನ್ನು ಕಸವೆಂದು ಎಸೆದಿದ್ದರು.

ಟ್ರ್ಯಾಕ್ಟರಿನ ಬಿಡಿಭಾಗಗಳ ಅಂಗಡಿಯಲ್ಲಿ ಗಟ್ಟಿಯಾದ ಕೊಳವೆ ದೊರೆಯಿತು. ಪಕ್ಕದ ಲೇತಿನವರು ತುಕ್ಕು ಹಿಡಿಯದ ತಂತಿಯಿಂದ ಸುರುಳಿಯನ್ನು ಸುತ್ತಿಕೊಟ್ಟರು. ಎಂಜಿನು ತಣಿದ ಮೇಲೆ ಕೂಡಿಸಿ, ಬಂದ ದಾರಿಯಲ್ಲಿಯೇ ಹಿಂದಿರುಗಿದೆವು. ಎಂಬತ್ತರ ವೇಗದಲ್ಲಿಯೂ ಮುಳ್ಳು ಅಲುಗಲಿಲ್ಲ. ಗೋಕಾಕದಲ್ಲಿ ಅಳಿಯನು ಸಂತೋಷದಿಂದ ಒಂದು ಕಿಲೋ ಕರದಂಟು ಕೊಂಡನು. ನಾನೂ ದೊಡ್ಡ ವೈದ್ಯನಂತೆ ಬೆನ್ನು ನೆಟ್ಟಗೆ ಮಾಡಿ ಕುಳಿತೆನು.

ಆ ಬಿಗುಮಾನ ಜಲಪಾತದ ಏರಿನವರೆಗೆ ಬಾಳಿತು. ಗೋಕಾಕ ಊರಿನಿಂದ ಜಲಪಾತಕ್ಕೆ ಹೋಗುವವರು, ಘಟಪ್ರಭಾ ನದಿ 52 ಮೀಟರು ಧುಮುಕಿ ಇಳಿದು ಬಂದ ಎತ್ತರವನ್ನು ರಸ್ತೆಯಲ್ಲಿ ಏರಿ ಹೋಗಬೇಕು. ಕಬ್ಬಿನ ಗಾಡಿಗಳನ್ನು ಹಿಂದೆ ಹಾಕಲು ಕೆಳಗಿನ ಗೇರಿನಲ್ಲಿ ಎಂಜಿನು ಕೂಗುತ್ತಿದ್ದಾಗ ಮುಳ್ಳು ಮತ್ತೆ ಎದ್ದಿತು. ಜಲಪಾತದ ಬಳಿ ನಿಲ್ಲಿಸುವಷ್ಟರಲ್ಲಿ ಮೂತಿಯಿಂದ ಆವಿ ಹೊರಟಿತು. ಅಳಿಯನು ಕೆಳಗಿಳಿದವನೇ, ಕರವಸ್ತ್ರವನ್ನು ಕೈಗೆ ಸುತ್ತಿ, ಮುಚ್ಚಳದ ಕಡೆ ಕೈ ಚಾಚಿದನು. ನಾನು ಅವನ ರಟ್ಟೆಯನ್ನು ಹಿಡಿದು ಎಳೆದೆನು. ಸ್ವಲ್ಪ ಒರಟಾಗಿಯೇ ಎಳೆದೆನೆಂದು ಕಾಣುತ್ತದೆ. ಅವನು ಬೆಚ್ಚಿ ನನ್ನನ್ನು ನೋಡಿದನು. ನಾನು ಅಂಗಿಯ ತೋಳನ್ನು ಮೇಲೆ ಸರಿಸಿ, ನನ್ನ ಎಡ ಮುಂಗೈಯ ಮೇಲಿನ ಕಲೆಯನ್ನು ತೋರಿಸಿದೆನು. ಅವನ ವಯಸ್ಸಿನಲ್ಲಿ ನಾನೂ ಒಂದು ಮುಚ್ಚಳವನ್ನು ಹೀಗೆಯೇ ತಿರುಗಿಸಿದ್ದೆನು.

ಈ ಮಾತು ಕಾರು ಇರುವ ಪ್ರತಿಯೊಂದು ಮನೆಗೂ ಸಂಬಂಧಿಸಿದ್ದು. ರೇಡಿಯೇಟರಿನ ಮುಚ್ಚಳ ನಮ್ಮ ಪ್ರೆಶರ್ ಕುಕ್ಕರಿನ ತೂಕದ ಸೋದರ. ಒತ್ತಡ ಹೆಚ್ಚಿದರೆ ನೀರು ಕುದಿಯುವ ಮಟ್ಟವೂ ಹೆಚ್ಚುತ್ತದೆ. ಗಾಳಿಯ ಒತ್ತಡದ ಮೇಲೆ ಇನ್ನೊಂದು ಅಷ್ಟೇ ಒತ್ತಡ ಕೂಡಿದರೆ ನೀರು ಸುಮಾರು 120 ಡಿಗ್ರಿಯವರೆಗೂ ಕುದಿಯದೆ ಇರುತ್ತದೆ. ಕುಕ್ಕರಿನಲ್ಲಿಯೂ ಇಂದಿನ ಬಹುಪಾಲು ಕಾರುಗಳಲ್ಲಿಯೂ ಲೆಕ್ಕ ಸರಿಸುಮಾರು ಇದೇ. ಹಳೆಯ ಕಾರುಗಳಲ್ಲಿ ಅದರ ಅರ್ಧದಷ್ಟು. ಅಂತಹ ನೀರಿನ ಮೇಲಿನ ಮುಚ್ಚಳವನ್ನು ಹಠಾತ್ತನೆ ತೆಗೆದರೆ ಒತ್ತಡ ಬಿದ್ದು, ಆ ಕ್ಷಣದಲ್ಲಿಯೇ ನೀರು ಆವಿಯಾಗಿ ಮುಖದ ಮೇಲೆ ಚಿಮ್ಮುತ್ತದೆ. ಸಿಳ್ಳೆ ಹಾಕುತ್ತಿರುವ ಕುಕ್ಕರನ್ನು ಯಾವ ಗೃಹಿಣಿಯೂ ತೆರೆಯುವುದಿಲ್ಲ. ಆದರೆ ಅದೇ ಮನೆಯ ವಿದ್ಯಾವಂತ ಗಂಡಸರು ರಸ್ತೆಬದಿಯಲ್ಲಿ ರೇಡಿಯೇಟರನ್ನು ತೆರೆಯುತ್ತಾರೆ! ಕಡಿಮೆಯೆಂದರೂ ಅರ್ಧ ಗಂಟೆ ಕಾಯಬೇಕು. ಮೇಲಿನ ಕೊಳವೆ ಕೈಗೆ ತಣ್ಣಗೆ, ಮೆತ್ತಗೆ ಹತ್ತಿದ ಮೇಲೆ, ದಪ್ಪ ಬಟ್ಟೆ ಹಾಕಿ, ಮುಖ ಬೇರೆ ಕಡೆ ತಿರುಗಿಸಿ, ಮುಚ್ಚಳವನ್ನು ಮೊದಲ ತಡೆಯವರೆಗೆ ಮಾತ್ರ ತಿರುಗಿಸಿ ಒತ್ತಡ ಬಿಡಬೇಕು. ಕಾದ ಎಂಜಿನಿಗೆ ತಣ್ಣೀರು ಸುರಿಯಬಾರದು. ಲೋಹ ಬಿರುಕು ಬಿಟ್ಟೀತು.

ಆ ಬಿಡುವಿನಲ್ಲಿ ನಾವಿಬ್ಬರೂ ಜಲಪಾತದ ಎದುರು ಹೋಗಿ ನಿಂತೆವು. ಮಳೆಗಾಲದಲ್ಲಿ ಕುದುರೆಲಾಳದಾಕಾರದ ಆ ಬಂಡೆಯ ಅಂಚಿನುದ್ದಕ್ಕೂ ನೀರು ತುಂಬಿ ಬೀಳುವುದನ್ನು ನಾನು ಭಾವನವರೊಡನೆ ನೋಡಿದ್ದೆನು. ಈಗ ಡಿಸೆಂಬರು. ಅಷ್ಟಗಲದ ಬಂಡೆಯೆಲ್ಲ ಒಣಗಿ ಕರ್ರಗಿತ್ತು. ಎರಡು ಮೂರು ಬಿಳಿಯ ಎಳೆಗಳು ಮಾತ್ರ ಇಳಿಯುತ್ತಿದ್ದವು. ಅದನ್ನು ನೋಡುತ್ತಿದ್ದಂತೆ ನನ್ನ ತಪ್ಪು ನನಗೆ ಹೊಳೆಯಿತು. ಬಂಡೆ ಎಷ್ಟು ಅಗಲವಿದ್ದರೇನು, ನೀರು ಹರಿಯುವುದು ಮೂರೇ ಎಳೆಯಲ್ಲಾದರೆ? ಕೊಳವೆ ತಾನಾಗಿ ಚಪ್ಪಟೆಯಾಗಲಿಲ್ಲ. ಪಂಪು ಬೇಡಿದಷ್ಟು ನೀರನ್ನು ರೇಡಿಯೇಟರು ಕೊಡಲಾರದೆ ಹೋದದ್ದರಿಂದ ಅದು ಹೀರಲ್ಪಟ್ಟು ಕುಗ್ಗಿತು. ನಾನು ಹಿಡಿದದ್ದು ಕಳ್ಳನನ್ನಲ್ಲ, ಕಳವಾದ ಮನೆಯವನನ್ನು. ಮೊದಲು ಕಂಡ ದೋಷವನ್ನೇ ಕೊನೆಯ ದೋಷವೆಂದು ನಂಬಿದ್ದರಲ್ಲಿ ನನಗೂ ಆ ಗ್ಯಾರೇಜಿನವರಿಗೂ ಯಾವ ಭೇದವೂ ಉಳಿದಿರಲಿಲ್ಲ.

ಮರುದಿನ ಎಂಜಿನನ್ನು ಬಿಸಿಮಾಡಿ ನಿಲ್ಲಿಸಿ, ರೇಡಿಯೇಟರಿನ ಮುಖದ ಮೇಲೆ ಅವಗೆಂಪು ಉಷ್ಣಮಾಪಕವನ್ನು ಹಿಡಿದು ಅಂಗುಲ ಅಂಗುಲವಾಗಿ ಓದಿದೆವು. 2020ರ ಕೋವಿಡ್ ದಿನಗಳಲ್ಲಿ ಎಲ್ಲರ ಹಣೆಗೂ ಹಿಡಿಯುತ್ತಿದ್ದ ಉಪಕರಣದ ಜಾತಿಯೇ. ಆದರೆ ಅದು ಮನುಷ್ಯನ ಜ್ವರವನ್ನಷ್ಟೇ ಬಲ್ಲದು, ಯಂತ್ರಗಳಿಗಾಗಿ ಮಾಡಿದ್ದು ಬೇರೆಯೇ ಇದೆ. ಮೇಲಿನ ತೊಟ್ಟಿ 90 ಡಿಗ್ರಿ ತೋರಿಸಿತು. ಎಡಗಡೆ ಅದು ಮೆಲ್ಲ ಮೆಲ್ಲನೆ ಇಳಿದು ತಳದಲ್ಲಿ 70 ಆಯಿತು. ಆರೋಗ್ಯವಂತ ರೇಡಿಯೇಟರಿನ ಲಕ್ಷಣವೇ ಅದು. ಬಲಗಡೆಯ ಅರ್ಧ ಮಾತ್ರ 45ರ ಆಸುಪಾಸು, ಬೆಚ್ಚಗಿದ್ದಂತೆಯೂ ಇಲ್ಲ. ಅಲ್ಲಿಗೆ ಬಿಸಿನೀರು ಬರುತ್ತಲೇ ಇರಲಿಲ್ಲ. ಹುಕ್ಕೇರಿಯ ಪೇಟೆಯಲ್ಲಿ ಕಾರು ಶಾಂತವಾಗಿದ್ದುದೇಕೆಂಬುದೂ ಈಗ ತಿಳಿಯಿತು. ತೆವಳುವ ಎಂಜಿನಿನ ಅಲ್ಪ ಶಾಖವನ್ನು ಚೆಲ್ಲಲು ಅರ್ಧ ರೇಡಿಯೇಟರು ಸಾಕು. ಏರಿನಲ್ಲಿ ದುಡಿಯುವ ಎಂಜಿನಿಗೆ ಸಾಲದು.

ಗೋಕಾಕದಲ್ಲಿ ಹಳೆಯ ಹಿತ್ತಾಳೆ ರೇಡಿಯೇಟರುಗಳ ಕೆಲಸ ಬಲ್ಲ ವೃದ್ಧರೊಬ್ಬರಿದ್ದರು. ಅವರು ಮೇಲಿನ ತೊಟ್ಟಿಯ ಬೆಸುಗೆಯನ್ನು ಬಿಡಿಸಿ ನಮಗೆ ಒಳಗನ್ನು ತೋರಿಸಿದರು. ಬಲಭಾಗದ ನಾಳಗಳ ಬಾಯಲ್ಲೆಲ್ಲ ಸುಣ್ಣದಂತಹ ಬಿಳಿಯ ಗಡಸು ಪದರು, ಅದರ ಮೇಲೆ ತುಕ್ಕಿನ ಕೆಂಪು ಕೆಸರು. ಬೋರ್‌ವೆಲ್ಲಿನ ಗಡಸು ನೀರು ಒಂಬತ್ತು ವರ್ಷ ಒಳಗೇ ನಿಂತದ್ದರ ಫಲವದು. ಅಷ್ಟೇ ಅಲ್ಲ. ಕಾರು ಪ್ರತಿಸಲ ಕುದಿದಾಗಲೂ ಆವಿಯಾಗಿ ಹೋದದ್ದು ಶುದ್ಧ ನೀರು. ಒಳಗೆ ಉಳಿದದ್ದು ಸುಣ್ಣ. ಅಳಿಯನು ಕುದಿದುಹೋದದ್ದನ್ನು ತುಂಬಲು ಮತ್ತೆ ಅದೇ ಬೋರ್‌ವೆಲ್ಲಿನ ನೀರನ್ನು ಸುರಿದಿದ್ದನು. ಔಷಧಿಯೆಂದು ಕೊಟ್ಟದ್ದೇ ರೋಗಕ್ಕೆ ಆಹಾರವಾಗಿತ್ತು. ಮುಚ್ಚಳದ ರಬ್ಬರು ಬಿಲ್ಲೆಯೂ ಒಣಗಿ ಬಿರಿದಿತ್ತು. ಒತ್ತಡ ನಿಲ್ಲದ ಕಾರಣ ನೀರು ಬೇಗ ಕುದಿಯುತ್ತಿತ್ತು, ಕೊಳವೆಗೂ ಒಳಗಿನಿಂದ ಆಸರೆ ಇರಲಿಲ್ಲ. ಸುಣ್ಣ, ಮುಚ್ಚಳ, ಸುರುಳಿ ಈ ಮೂರೂ ಒಂದೊಂದರ ಕೈ ಹಿಡಿದುಕೊಂಡು ನಿಂತಿದ್ದವು.

ಆ ವೃದ್ಧರು ಪ್ರತಿಯೊಂದು ನಾಳದಲ್ಲಿಯೂ ತೆಳುವಾದ ಲೋಹದ ಪಟ್ಟಿಯನ್ನು ಆಡಿಸಿ, ತೊಳೆದು, ಮತ್ತೆ ಬೆಸೆದುಕೊಟ್ಟರು. ಎಂಜಿನಿನ ಒಳಗನ್ನೂ ನೀರು ತಿಳಿಯಾಗುವವರೆಗೆ ತೊಳೆದೆವು. ಹೊಸ ಮುಚ್ಚಳ ಹಾಕಿ, ಬಟ್ಟಿಯಿಳಿಸಿದ ನೀರು ಅರ್ಧ, ಕೂಲಂಟು ಅರ್ಧ ಬೆರೆಸಿ ತುಂಬಿದೆವು. ನಮ್ಮ ಸೀಮೆಯಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಕೂಲಂಟು ಏಕೆ ಎಂದು ಕೇಳುವವರಿದ್ದಾರೆ. ಅದು ತುಕ್ಕನ್ನು ತಡೆಯುತ್ತದೆ, ಕುದಿಯುವ ಮಟ್ಟವನ್ನೂ ಕೆಲವು ಡಿಗ್ರಿ ಏರಿಸುತ್ತದೆ. ಆದರೆ ಅದರ ಡಬ್ಬಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಸಾಮಾನ್ಯವಾಗಿ ಬಳಕೆಯಲ್ಲಿರುವ ಎಥಿಲೀನ್ ಗ್ಲೈಕಾಲು ರುಚಿಗೆ ಸಿಹಿ, ಹೊಟ್ಟೆಗೆ ವಿಷ.

ಮನೆಯ ಸಾಧಾರಣ ಕಾರುಗಳಿಗೂ ಈ ಕಥೆ ಅನ್ವಯಿಸುತ್ತದೆ. ಈಗಿನವುಗಳಲ್ಲಿ ಫ್ಯಾನು ವಿದ್ಯುತ್ತಿನದು, ಎಂಜಿನು ನಿಂತ ಮೇಲೂ ತಾನಾಗಿ ತಿರುಗೀತು, ಬೆರಳು ದೂರವಿರಲಿ. ದಾರಿಯಲ್ಲಿ ಮುಳ್ಳು ಏರಿದರೆ ಹವಾನಿಯಂತ್ರಣವನ್ನು ಆರಿಸಿ, ಹೀಟರನ್ನು ಪೂರ್ತಿ ತೆರೆಯಿರಿ. ಒಳಗೆ ಸೆಕೆಯಾದರೂ ಅದು ಇನ್ನೊಂದು ಪುಟ್ಟ ರೇಡಿಯೇಟರಾಗಿ ಸಹಾಯ ಮಾಡುತ್ತದೆ. ಮುಳ್ಳು ಇಳಿಯದಿದ್ದರೆ ನಿಲ್ಲಿಸಿಬಿಡಿ. ಇನ್ನು ಎರಡೇ ಮೈಲಿ ಎಂಬ ಆಸೆಯಲ್ಲಿಯೇ ಎಂಜಿನುಗಳ ತಲೆ ಸೊಟ್ಟಾಗುತ್ತದೆ. ಗ್ಯಾರೇಜಿಗೆ ಹೋದಾಗ "ಕಾರು ಕಾಯುತ್ತದೆ" ಎಂದಷ್ಟೇ ಹೇಳದೆ, ಯಾವ ರಸ್ತೆಯಲ್ಲಿ, ಯಾವ ವೇಗದಲ್ಲಿ, ಹೊರಟ ಎಷ್ಟು ಹೊತ್ತಿಗೆ ಕಾಯುತ್ತದೆಂದು ಬರೆದುಕೊಂಡು ಹೋಗಿರಿ. ಆ ಒಂದು ಚೀಟಿ ನಿಮಗೆ ಎಷ್ಟೋ ಬಿಡಿಭಾಗಗಳ ಬೆಲೆಯನ್ನು ಉಳಿಸೀತು.

ಮುಂದಿನ ರವಿವಾರ ಕೊನೆಯ ಪರೀಕ್ಷೆ. ಕಾರಿನಲ್ಲಿ ಇಬ್ಬರಿಗೇ ಸ್ಥಳ. ಅಕ್ಕನನ್ನು ಕೂಡಿಸಿಕೊಂಡು ಗೋಕಾಕದಿಂದ ಮೇಲೆ ಬಾ ಎಂದು ಅಳಿಯನಿಗೆ ಹೇಳಿ, ನಾನು ಬಸ್ಸಿನಲ್ಲಿ ಮುಂದೆ ಹೋಗಿ ಜಲಪಾತದ ಬಳಿ ನಿಂತೆನು. ಕಬ್ಬಿನ ಗಾಡಿಗಳ ಸಾಲು ದಾಟಿ ಆ ಪುಟ್ಟ ಕಾರು ಏರು ಹತ್ತಿ ಬಂದಿತು. ಛಾವಣಿ ಮಡಚಿತ್ತು. ಅಕ್ಕ ಒಂಬತ್ತು ವರ್ಷಗಳಿಂದ ಅದರಲ್ಲಿ ಕುಳಿತಿರಲಿಲ್ಲ. ಸೆರಗನ್ನು ಕಿವಿಯ ಹಿಂದೆ ಬಿಗಿಯಾಗಿ ಸಿಕ್ಕಿಸಿಕೊಂಡು ಕುಳಿತಿದ್ದಳು. ನಾನು ಬಗ್ಗಿ ನೋಡಿದೆನು. ಮುಳ್ಳು ನಡುಗೆರೆಯ ಮೇಲಿತ್ತು.

"ಕೊಲ್ಲಾಪುರದವರಿಗೆ ಏನು ಹೇಳಿದೆ?" ಎಂದು ಅಳಿಯನನ್ನು ಕೇಳಿದೆನು. ಅವನು ಉತ್ತರ ಕೊಡುವ ಮೊದಲೇ ಅಕ್ಕ ಬಾಯಿ ಹಾಕಿದಳು.

"ಅದಿರಲಿ ತಮ್ಮಾ, ರೋಗ ಏನಿತ್ತು ಅದನ್ನ ಹೇಳು."

"ನಿಮ್ಮ ಬೋರ್‌ವೆಲ್ಲಿನ ನೀರು, ಅಕ್ಕಾ. ಒಳಗೆಲ್ಲ ಸುಣ್ಣ ಕಟ್ಟಿತ್ತು."

ಆಕೆ ಒಂದು ಗಳಿಗೆ ಸುಮ್ಮನಿದ್ದು, ಮಗನ ಕಡೆಗೂ ನನ್ನ ಕಡೆಗೂ ನೋಡಿದಳು.

"ಬಚ್ಚಲದಾಗಿನ ತಾಮ್ರದ ಬಂಬನ್ನ ನಾನು ವರ್ಷಕ್ಕೊಮ್ಮೆ ಹುಣಸಿಹಣ್ಣು ಹಚ್ಚಿ ತಿಕ್ಕತೀನಿ. ಅದೂ ಇದೇ ನೀರ ಅಲ್ಲೇನು? ನೀವು ಇಬ್ಬರೂ ಕಲತವರು, ನನ್ನನ್ನ ಒಂದು ಮಾತು ಕೇಳಬಾರದಿತ್ತೇನು?"